ಹಸಿ ಕಸ, ಮೋರಿ, ತಂದೂರ್, ಪಾರ್ಸೆಲ್: ಮುಂಬೈಯ ಸಣ್ಣ ಹೋಟೆಲ್‌ಗೆ ಯಾವ ದಾರಿ ಸರಿ?

ಮುಂಬೈಯಲ್ಲಿ ಉಡುಪಿ ಹೋಟೆಲ್ ನಡೆಸುವವರಿಗೆ ಸರ್ಕಾರಿ ಕಾಗದ ಹೊಸದಲ್ಲ. ಗುಮಾಸ್ತಾ ಅನ್ನುವ ಅಂಗಡಿ ಲೈಸೆನ್ಸ್, ಹೆಲ್ತ್ ಲೈಸೆನ್ಸ್, ಎಫ್‌ಎಸ್‌ಎಸ್‌ಎಐಯ ಆಹಾರ ಲೈಸೆನ್ಸ್, ಫೈರ್ ಎನ್‌ಒಸಿ ಎಲ್ಲವೂ ಗಲ್ಲಾದ ಹಿಂದೆ ಕೃಷ್ಣನ ಫೋಟೊ ಪಕ್ಕದಲ್ಲೇ ಫ್ರೇಮ್ ಹಾಕಿಸಿಕೊಂಡು ಕೂತಿರುತ್ತವೆ. ಈ ಕಾಗದಗಳ ಕೆಲಸ ಮಾಡಿಸಿಕೊಡುವ ನನ್ನಂಥವರ ಹತ್ತಿರ ಮಾಲೀಕರು ಈಗ ಕೇಳುವ ಪ್ರಶ್ನೆಗಳೇ ಬೇರೆ. ‘ಕಸದ ಮಶೀನ್ ತಗೊಳ್ಳಬೇಕಾ ಮಾರಾಯ್ರೆ?’ ‘ತಂದೂರ್ ಗ್ಯಾಸಿಗೆ ಮಾಡಿಸೋದಾ, ಕರೆಂಟಿಗಾ?’ ‘ಸಾಂಬಾರ್ ಪಾರ್ಸೆಲ್ ಇನ್ನು ಯಾವುದರಲ್ಲಿ ಕೊಡೋದು?’ ಅದರ ನಡುವೆ ಮಶೀನ್ ಮಾರುವವರು ಒಂದು ಹೇಳುತ್ತಾರೆ, ಕನ್ಸಲ್ಟೆಂಟ್ ಇನ್ನೊಂದು ಹೇಳುತ್ತಾರೆ, ಪಕ್ಕದ ಹೋಟೆಲಿನವರು ಮತ್ತೊಂದು.

ಕಸ, ಮೋರಿ, ಹೊಗೆ, ಪ್ಲಾಸ್ಟಿಕ್‌ಗೆ ಸರ್ಕಾರ ಹಾಕಿರುವ ನಿಯಮಗಳನ್ನು ಪಾಲಿಸಲು ಒಂದೇ ದಾರಿ ಅಂತ ಇಲ್ಲ. ಪ್ರತಿಯೊಂದಕ್ಕೂ ಎರಡು ಮೂರು ದಾರಿ ಇವೆ. ಅವುಗಳಲ್ಲಿ ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: ರಾತ್ರಿ ಹನ್ನೊಂದೂವರೆಗೆ ಶಟರ್ ಅರ್ಧ ಎಳೆದ ಮೇಲೆ, ಬೆಳಗ್ಗೆ ಐದಕ್ಕೆ ಎದ್ದ ಹುಡುಗರು ಇದನ್ನು ಮಾಡಿ ಮುಗಿಸಿ ಮಲಗಬಲ್ಲರಾ? ಮಾಡಬಲ್ಲರು ಅಂತಾದರೆ ಅದು ನಿಮ್ಮ ದಾರಿ. ಇಲ್ಲವಾದರೆ ಎಷ್ಟೇ ಒಳ್ಳೆಯ ಮಶೀನ್ ಆದರೂ ಮೂರು ತಿಂಗಳಿಗೆ ಅದರ ಮೇಲೆ ಈರುಳ್ಳಿ ಮೂಟೆ ಬರುತ್ತದೆ. ಅಂಧೇರಿಯ ಒಂದು ಹೋಟೆಲಿನಲ್ಲಿ ನಾನು ಕಣ್ಣಾರೆ ಕಂಡದ್ದು ಇದು.

ಮೊದಲು ತೂಕ

ಯಾವುದಕ್ಕೂ ಕೊಟೇಶನ್ ಕೇಳುವ ಮುಂಚೆ ಒಂದು ವಾರ ಕಸ ತೂಗಿ. ತರಕಾರಿ ತೂಗುವ ತಕ್ಕಡಿಯೇ ಸಾಕು. ಅಡುಗೆಮನೆಯ ಸಿಪ್ಪೆ, ಎಂಜಲು, ಬಾಳೆ ಎಲೆ ಮತ್ತು ತೆಂಗಿನ ಕರಟ, ಒಣ ಕಸ, ಹೀಗೆ ನಾಲ್ಕು ಡ್ರಮ್ ಇಡಿ. ದಿನಾ ರಾತ್ರಿ ಕ್ಯಾಶಿಯರ್ ನೋಟ್‌ಬುಕ್ಕಿನಲ್ಲಿ ಬರೆಯಲಿ. ಭಾನುವಾರ ಬಿಡಬೇಡಿ, ಯಾಕೆಂದರೆ ಜಾಸ್ತಿ ಕಸ ಬರುವುದು ಅವತ್ತೇ.

ಇದು ಯಾಕೆ ಮುಖ್ಯ ಅಂದರೆ, ದಿನಕ್ಕೆ ಸರಾಸರಿ 100 ಕೆಜಿ ಅನ್ನುವುದು ಕಸದ ನಿಯಮದಲ್ಲಿ ಒಂದು ಗೆರೆ. 2016ರ ಘನತ್ಯಾಜ್ಯ ನಿಯಮ ಅದನ್ನು ಎಳೆಯಿತು. ಆ ಗೆರೆ ದಾಟಿದವರನ್ನು ದೊಡ್ಡ ಪ್ರಮಾಣದಲ್ಲಿ ಕಸ ಮಾಡುವವರು ಅಂತ ಲೆಕ್ಕ ಹಿಡಿಯುತ್ತಾರೆ. ಮುಂಬೈಯಲ್ಲಿ 2017ರಲ್ಲಿ ನಗರ ಪಾಲಿಕೆ ಬಿಎಂಸಿ ಇದನ್ನೇ ಹಿಡಿದು, ಇಂಥವರು ಹಸಿ ಕಸವನ್ನು ತಮ್ಮಲ್ಲೇ ಸಂಸ್ಕರಿಸಬೇಕು ಅಂತ ಹೊರಟಿತು. ನೂರರ ಒಳಗಿದ್ದರೆ ಆ ಭಾರ ಹಗುರಾಗುತ್ತದೆ. ಆದರೆ ಹಸಿ ಬೇರೆ, ಒಣ ಬೇರೆ ಮಾಡುವುದರಿಂದ ಯಾರಿಗೂ ವಿನಾಯಿತಿ ಇಲ್ಲ. ನವಿ ಮುಂಬೈ, ಠಾಣೆ, ಕಲ್ಯಾಣ್-ಡೊಂಬಿವಲಿಯಲ್ಲಿ ಪಾಲಿಕೆ ಬೇರೆ, ಗಾಡಿಯ ಸಮಯ ಬೇರೆ, ವಾರ್ಡ್ ಆಫೀಸಿನ ರೀತಿಯೂ ಬೇರೆ. ಅಲ್ಲಿಯವರು ತಮ್ಮ ವಾರ್ಡಿನಲ್ಲೇ ಕೇಳಿಕೊಳ್ಳಬೇಕು.

ತೂಗುವುದರಿಂದ ಇನ್ನೊಂದು ಲಾಭ ಇದೆ. ಎಷ್ಟು ಅನ್ನ, ಎಷ್ಟು ಚಟ್ನಿ ಸುಮ್ನೆ ಡ್ರಮ್ ಸೇರುತ್ತಿದೆ ಅಂತ ಅಕ್ಷರದಲ್ಲಿ ಕಾಣುತ್ತದೆ. ಊಟದ ತಟ್ಟೆಗೆ ಎರಡನೇ ಸಲ ಅನ್ನವನ್ನು ಕೇಳಿ ಬಡಿಸಿದರೆ ಎಂಜಲಿನ ಡ್ರಮ್ ಹಗುರಾಗುತ್ತದೆ. ಕಸ ಕಮ್ಮಿ ಮಾಡುವುದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ.

ಹಸಿ ಕಸ: ಮಶೀನ್, ಬಯೋಗ್ಯಾಸ್, ಅಥವಾ ಒಯ್ಯುವವರು

ಇಲ್ಲಿ ಮೂರು ದಾರಿ. ಗೊಬ್ಬರದ ಮಶೀನ್, ಬಯೋಗ್ಯಾಸ್, ಹಣ ಕೊಟ್ಟು ಏಜೆನ್ಸಿಗೆ ಒಪ್ಪಿಸುವುದು.

ಗೊಬ್ಬರದ ಮಶೀನ್ ನೋಡಲು ಚೆಂದ. ಫ್ರಿಜ್ಜಿನಂತೆ ಒಂದು ಮೂಲೆಯಲ್ಲಿ ನಿಲ್ಲುತ್ತದೆ. ಕಸ ಹಾಕಿ, ಸ್ವಿಚ್ ಒತ್ತಿ, ಮರುದಿನ ಗೊಬ್ಬರ ಅಂತ ಮಾರುವವರು ಹೇಳುತ್ತಾರೆ. ಈ ‘24 ಗಂಟೆಯ ಗೊಬ್ಬರ’ದ ಬಗ್ಗೆ ಒಂದು ಮಾತು. ಬಿಸಿ ಮಾಡಿ, ತಿರುಗಿಸಿ, ಪುಡಿ ಮಾಡಿದ್ದು ಒಣಗಿದ ಕಸ, ಅಷ್ಟೆ. ಅದು ಹಣ್ಣಾಗಲು ಇನ್ನೂ ಕೆಲವು ವಾರ ರಾಶಿ ಹಾಕಿ ಇಡಬೇಕು. ಹಾಗೇ ಗಿಡದ ಬುಡಕ್ಕೆ ಹಾಕಿ ನೀರು ಬಿಟ್ಟರೆ ಮತ್ತೆ ಕೊಳೆಯಲು ಶುರುವಾಗಿ ನಾತ ಬರುತ್ತದೆ, ಗಿಡಕ್ಕೂ ಪೆಟ್ಟು. ಆ ರಾಶಿ ಇಡಲು ಜಾಗ ಎಲ್ಲಿ? ಮಾಟುಂಗಾದಲ್ಲಿ, ದಾದರಿನಲ್ಲಿ ಹಿಟ್ಟು ರುಬ್ಬಲೇ ಜಾಗ ಇಲ್ಲದೆ ಅಟ್ಟದಂಥ ಮೆಜನೈನ್ ಮೇಲೆ ಗ್ರೈಂಡರ್ ಇಟ್ಟಿರುತ್ತಾರೆ. ಕರೆಂಟ್ ಬಿಲ್ಲನ್ನೂ ಲೆಕ್ಕಕ್ಕೆ ತಗೊಳ್ಳಿ. ಸಾಂಬಾರ್, ಮಜ್ಜಿಗೆ, ಪಾಯಸ ಸುರಿದ ಎಂಜಲಿನಲ್ಲಿ ನೀರೇ ಜಾಸ್ತಿ. ಅದನ್ನು ಒಣಗಿಸುವ ಕರೆಂಟ್ ನಿಮ್ಮದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯ ಗಾಳಿಯೇ ಒದ್ದೆ, ಆಗ ಮರದ ಹೊಟ್ಟು, ಕೋಕೋಪೀಟ್ ಎರಡು ಪಟ್ಟು ಬೇಕಾಗುತ್ತದೆ. ಹಾಕದಿದ್ದರೆ ನೊಣ, ಮೇಲಿನ ಮನೆಯವರ ದೂರು.

ಹಾಗಂತ ಗೊಬ್ಬರವೇ ಬೇಡ ಅಂತಲ್ಲ. ಹಿತ್ತಲು ಇರುವ ಹೋಟೆಲ್‌ಗೆ ಮಶೀನಿಲ್ಲದ ತೊಟ್ಟಿ ಗೊಬ್ಬರ ಒಳ್ಳೆಯದು. ಎಲೆ ಊಟ ಹಾಕುವವರಿಗೆ ಅದರಲ್ಲಿ ಅನುಕೂಲ ಜಾಸ್ತಿ. ಬಾಳೆ ಎಲೆಯನ್ನು ಕತ್ತರಿಸಿ ಪದರವಾಗಿ ಹಾಕಿದರೆ ಎಂಜಲಿನ ನೀರನ್ನು ಅದು ಸ್ವಲ್ಪ ಹಿಡಿದುಕೊಳ್ಳುತ್ತದೆ. ಕತ್ತರಿಸದೆ ಹಾಕಿದರೆ ಮಾತ್ರ ಚಾಪೆ ಹಾಸಿದ ಹಾಗೆ ಕೂತು, ಕೆಳಗೆ ಗಾಳಿ ಹೋಗದೆ ಕೊಳೆಯುತ್ತದೆ.

ಬಯೋಗ್ಯಾಸ್ ವಿಷಯಕ್ಕೆ ಬಂದರೆ, ನಮ್ಮ ಮುಂಬೈಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರವೇ ‘ನಿಸರ್ಗಋಣ’ ಅನ್ನುವ ವಿಧಾನ ರೂಪಿಸಿದೆ. ಕಸವನ್ನು ಅರೆದು, ಮೊದಲು ಗಾಳಿಯಾಡುವ ತೊಟ್ಟಿಯಲ್ಲಿ ಬಿಸಿನೀರಿನ ಜೊತೆ ಕರಗಿಸಿ, ಆಮೇಲೆ ಗಾಳಿಯಿಲ್ಲದ ತೊಟ್ಟಿಗೆ ಬಿಡುತ್ತಾರೆ. ಕೇಳಲು ತುಂಬಾ ಆಸೆ ಹುಟ್ಟಿಸುವ ವಿಷಯ, ಅಲ್ವಾ? ಎಂಜಲಿನಿಂದಲೇ ಒಲೆ! ಆದರೆ ಲೆಕ್ಕ ನೋಡಿ. ಚೆನ್ನಾಗಿ ನಡೆಯುವ ಘಟಕದಲ್ಲಿ 100 ಕೆಜಿ ಆಹಾರದ ಕಸದಿಂದ ಸುಮಾರು 8ರಿಂದ 10 ಘನ ಮೀಟರ್ ಗ್ಯಾಸ್ ಬರುತ್ತದೆ. ಅದು ನಾಲ್ಕು ಕೆಜಿ ಎಲ್‌ಪಿಜಿಗೆ ಹೆಚ್ಚುಕಮ್ಮಿ ಸಮ. ಅಂದರೆ 19 ಕೆಜಿಯ ಒಂದು ಕಮರ್ಷಿಯಲ್ ಸಿಲಿಂಡರಿನಷ್ಟು ಗ್ಯಾಸ್‌ಗೆ ನಾಲ್ಕೈದು ದಿನ ನೂರು ನೂರು ಕೆಜಿ ಕಸ ಹಾಕಬೇಕು. ದಿನಕ್ಕೆ 40 ಕೆಜಿ ಕಸ ಬರುವ ಹೋಟೆಲ್‌ಗೆ ಇದು ಸಾಂಬಾರ್ ಬಿಸಿ ಇಡುವ ಒಲೆಗೆ ಸಾಕಾದೀತು, ಅಷ್ಟೆ.

ಅದಕ್ಕಿಂತ ದೊಡ್ಡ ತೊಡಕು ನಮ್ಮ ಅಡುಗೆಮನೆಯ ಕಸದ ಗುಣ. ಬಯೋಗ್ಯಾಸ್ ತೊಟ್ಟಿಯೊಳಗಿನ ಸೂಕ್ಷ್ಮಜೀವಿಗಳಿಗೆ ಅನ್ನ, ಇಡ್ಲಿ, ಬೇಯಿಸಿದ ತರಕಾರಿ ಇಷ್ಟ. ನಿಂಬೆ ಸಿಪ್ಪೆ, ಮೋಸಂಬಿ ಸಿಪ್ಪೆ ರಾಶಿ ಬಿದ್ದರೆ ಹುಳಿ ಏರಿ ಗ್ಯಾಸ್ ನಿಲ್ಲುತ್ತದೆ. ಜ್ಯೂಸ್ ಕೌಂಟರ್ ಇರುವ ಹೋಟೆಲಿನವರು ಇದನ್ನು ಗಮನಿಸಬೇಕು. ಬಾಳೆ ಎಲೆಯ ನಾರು ಅರೆಯುವ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಕರಟವನ್ನಂತೂ ಹಾಕಲೇಬಾರದು. ಹೀಗಾಗಿ ಬಯೋಗ್ಯಾಸ್ ಇಟ್ಟರೂ ಕಸವನ್ನು ಮತ್ತೆ ಆರಿಸುವ ಕೆಲಸ ಇದ್ದೇ ಇದೆ. ಆ ಕೆಲಸಕ್ಕೇ ಅಂತ ಒಬ್ಬ ಆಳು ಇಲ್ಲದಿದ್ದರೆ ಬಯೋಗ್ಯಾಸ್ ಬೇಡ. ಕ್ಯಾಟರಿಂಗ್ ಕೂಡ ನಡೆಸುವವರು, ಮದುವೆ ಹಾಲ್ ಇರುವವರು, ಭೂಮಿ ಇರುವವರು ಧಾರಾಳ ಯೋಚಿಸಬಹುದು.

ಉಳಿದದ್ದು ಏಜೆನ್ಸಿ. ಐವತ್ತು ಅರವತ್ತು ಸೀಟಿನ, ಬಾಡಿಗೆ ಜಾಗದ, ಹಿತ್ತಲಿಲ್ಲದ ಹೋಟೆಲ್‌ಗೆ ನಾನು ಹೇಳುವುದು ಇದನ್ನೇ. ತಿಂಗಳಿಗೆ ಇಷ್ಟು ಅಂತ ಖರ್ಚು ಗೊತ್ತಿರುತ್ತದೆ, ಜಾಗ ಉಳಿಯುತ್ತದೆ, ಹುಡುಗರ ಕೆಲಸ ಡ್ರಮ್ ಬೇರೆ ಮಾಡುವಲ್ಲಿಗೆ ಮುಗಿಯುತ್ತದೆ. ಆದರೆ ಏಜೆನ್ಸಿ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಕಸ ಸರಿಯಾದ ಕಡೆಗೆ ಹೋಗುತ್ತದೆ ಅನ್ನುವ ಭರವಸೆ ಇಲ್ಲ. ನಿಮ್ಮ ಕಸ ಅವರ ಟೆಂಪೋ ಹತ್ತಿ ದೇವನಾರಿಗೋ ಕಾಂಜೂರ್‌ಮಾರ್ಗಕ್ಕೋ ಸೇರಿದರೆ ನೀವು ಕೊಟ್ಟ ದುಡ್ಡು ದಂಡ. ದೇವನಾರದ ಕಸದ ಗುಡ್ಡೆ 1927ರಿಂದ ಬೆಳೆಯುತ್ತಾ ಬಂದಿದೆ, ಅದಕ್ಕೆ ನಮ್ಮ ಇಡ್ಲಿಯೂ ಸೇರುವುದು ಬೇಡ. ಕಸ ಯಾವ ಘಟಕಕ್ಕೆ ಹೋಗುತ್ತದೆ ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ಒಂದು ದಿನ ಅಲ್ಲಿಗೇ ಹೋಗಿ ನೋಡಿ. ದಿನಾ ತೂಕದ ಚೀಟಿ ಕೇಳಿ, ಆ ಚೀಟಿಗಳನ್ನು ತಂತಿಗೆ ಚುಚ್ಚಿಡಿ. ವಾರ್ಡ್ ಆಫೀಸಿನಿಂದ ಯಾರಾದರೂ ಬಂದಾಗ ತೋರಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಬೇರೆ ಇಲ್ಲ. ದಿನಕ್ಕೆ ನೂರು ಕೆಜಿ ದಾಟುವವರು ಮಾತ್ರ, ಹೊರಗೆ ಕೊಡುವ ಈ ಏರ್ಪಾಡು ತಮಗೆ ನಡೆಯುತ್ತದೆಯಾ ಅಂತ ವಾರ್ಡಿನಲ್ಲಿ ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು.

ಒಂದೇ ಬೀದಿಯ ಮೂರು ನಾಲ್ಕು ಹೋಟೆಲಿನವರು ಸೇರಿ ಒಬ್ಬನೇ ಏಜೆನ್ಸಿಯವನನ್ನು ಹಿಡಿದರೆ ದರವೂ ಇಳಿಯುತ್ತದೆ, ಟೆಂಪೋ ತಪ್ಪಿಸುವುದೂ ಕಮ್ಮಿಯಾಗುತ್ತದೆ. ನಮ್ಮವರು ವ್ಯಾಪಾರದಲ್ಲಿ ಪೈಪೋಟಿ ಮಾಡಿದರೂ ಗಣೇಶೋತ್ಸವಕ್ಕೆ, ಶನಿಪೂಜೆಗೆ ಒಟ್ಟಿಗೆ ಕೂರುತ್ತಾರೆ. ಅಲ್ಲೇ ಈ ಮಾತು ತೆಗೆದರೆ ಆಯಿತು.

ಮೋರಿ ಮತ್ತು ಎಣ್ಣೆ

ಕಸದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮೋರಿಯ ಬಗ್ಗೆ ಅದರಲ್ಲಿ ನೀರು ಕಟ್ಟಿ ನಿಂತ ದಿನ ಮಾತ್ರ. ಅಡುಗೆಮನೆಯ ಎಣ್ಣೆ ಪಾತ್ರೆ ತೊಳೆಯುವ ನೀರಿನ ಜೊತೆ ಕೊಳವೆಗೆ ಇಳಿದು, ತಣ್ಣಗಾಗಿ, ಗೋಡೆಗೆ ಅಂಟುತ್ತದೆ. ಡಾಲ್ಡಾ ಹೀಗೆ ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ತೆಂಗಿನೆಣ್ಣೆಯೂ ಕಮ್ಮಿ ಇಲ್ಲ. ಸುಮಾರು 24 ಡಿಗ್ರಿಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರ್-ಜನವರಿಯ ರಾತ್ರಿ ಮುಂಬೈ ಅದಕ್ಕಿಂತ ತಣ್ಣಗಾಗುತ್ತದೆ. ಒಳಗೆ ಗಟ್ಟಿಯಾದದ್ದು ಜೂನ್‌ನ ಮೊದಲ ಜೋರು ಮಳೆಗೆ ತನ್ನ ಗುಣ ತೋರಿಸುತ್ತದೆ.

ಗ್ರೀಸ್ ಟ್ರ್ಯಾಪ್ ಅಂದರೆ ನೀರನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಎಣ್ಣೆಯನ್ನು ಮೇಲೆ ತೇಲಿಸಿ ಹಿಡಿಯುವ ಪೆಟ್ಟಿಗೆ. ಸಿಂಕಿನ ಕೆಳಗೆ ಕೂರುವ ಸಣ್ಣ ಸ್ಟೀಲಿನದು ಅಗ್ಗ, ಆದರೆ ದಿನಾ ಅಥವಾ ದಿನ ಬಿಟ್ಟು ದಿನ ಕೆನೆ ತೆಗೆಯಬೇಕು. ಹೊರಗೆ ನೆಲದಲ್ಲಿ ಕಟ್ಟಿಸುವ ಚೇಂಬರ್ ದುಬಾರಿ, ಕಟ್ಟಡದವರ ಒಪ್ಪಿಗೆಯೂ ಬೇಕು, ಆದರೆ ನೀರು ನಿಲ್ಲಲು ಜಾಗ ಇರುವುದರಿಂದ ಕೆಲಸ ಸರಿಯಾಗಿ ಮಾಡುತ್ತದೆ. ಕುದಿಯುವ ನೀರಲ್ಲಿ ಪಾತ್ರೆ ತೊಳೆಯುವವರು ಸಣ್ಣ ಪೆಟ್ಟಿಗೆಯನ್ನು ನಂಬಬಾರದು. ಬಿಸಿನೀರಲ್ಲಿ ಎಣ್ಣೆ ಕರಗಿಯೇ ಇರುತ್ತದೆ. ಪೆಟ್ಟಿಗೆ ದಾಟಿ ಹೋಗಿ ಮುಂದೆ ಎಲ್ಲೋ ಗಟ್ಟಿಯಾಗುತ್ತದೆ.

ಮೂರನೆಯದು ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ, ಎಂಜೈಮ್ ದ್ರಾವಣ. ರಾತ್ರಿ ಒಂದು ಮುಚ್ಚಳ ಸುರಿದರೆ ಸಾಕು ಅನ್ನುತ್ತಾರೆ. ಟ್ರ್ಯಾಪ್ ಇದ್ದು, ಅದರ ನಾತ ಕಮ್ಮಿ ಮಾಡಲು ಬಳಸಿದರೆ ಸರಿ. ಟ್ರ್ಯಾಪಿನ ಬದಲಿಗೆ ಅದನ್ನೇ ನಂಬಿ ಕೂರಬೇಡಿ. ಎಣ್ಣೆಯನ್ನು ಸ್ವಲ್ಪ ಸಡಿಲ ಮಾಡಿ ಪಕ್ಕದವರ ಮೋರಿಗೆ ದಾಟಿಸುವುದು ಪರಿಹಾರ ಅಲ್ಲ.

ಒಂದು ವಿಷಯದಲ್ಲಿ ಆಯ್ಕೆಯೇ ಇಲ್ಲ. ಚೇಂಬರ್‌ನಲ್ಲಿ ಕೊಳೆ ಕಟ್ಟಿಕೊಂಡಾಗ ಕ್ಲೀನರ್ ಹುಡುಗನನ್ನು ಒಳಗೆ ಇಳಿಸಬೇಡಿ. ಒಳಗಿನ ವಿಷಗಾಳಿಗೆ ಒಂದು ನಿಮಿಷ ಸಾಕು. ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಹೀರುವ ಗಾಡಿ ಕರೆಸಿ. ದುಡ್ಡು ಎಷ್ಟಾದರೂ ಆಗಲಿ.

ಕರಿದ ಎಣ್ಣೆಗೂ ಎರಡು ದಾರಿ ಕಾಣುತ್ತವೆ, ಸರಿ ಇರುವುದು ಒಂದೇ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ‘ಟೋಟಲ್ ಪೋಲಾರ್ ಕಾಂಪೌಂಡ್’ 25 ಶೇಕಡಾ ದಾಟಿದರೆ ಅದರಲ್ಲಿ ಕರಿಯಬಾರದು ಅನ್ನುವ ಮಿತಿ 2018ರ ಜುಲೈ 1ರಿಂದ ಇದೆ. ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಎಣ್ಣೆ ಬಳಸುವವರು ಲೆಕ್ಕದ ಪುಸ್ತಕ ಇಡಬೇಕು, ಹಳೆ ಎಣ್ಣೆಯನ್ನು ಮಾನ್ಯತೆ ಪಡೆದ ಸಂಗ್ರಹಕಾರರಿಗೇ ಕೊಡಬೇಕು. ಅದು ಬಯೋಡೀಸೆಲ್‌ಗೆ ಹೋಗುತ್ತದೆ, ನಿಮಗೂ ಕೆಜಿಗೆ ಇಷ್ಟು ಅಂತ ದುಡ್ಡು ಬರುತ್ತದೆ. ಸೈಕಲ್ಲಿನಲ್ಲಿ ಡಬ್ಬ ಕಟ್ಟಿಕೊಂಡು ಬಂದು ಎರಡು ರೂಪಾಯಿ ಜಾಸ್ತಿ ಕೊಡುವವನಿಗೆ ಮಾರಬೇಡಿ. ಆ ಎಣ್ಣೆ ಇನ್ನೊಂದು ಬೀದಿಯ ಬಾಣಲೆಗೆ ಹೋಗಿ, ಅಲ್ಲಿ ವಡಾಪಾವ್ ತಿನ್ನುವ ಮಕ್ಕಳ ಹೊಟ್ಟೆ ಸೇರುತ್ತದೆ. ದಿನಕ್ಕೆ ಐವತ್ತು ಲೀಟರ್ ಬಳಸದ ಸಣ್ಣ ಹೋಟೆಲಿನವರೂ ಹೀಗೇ ಮಾಡಲಿ ಅನ್ನುವುದು ನನ್ನ ಆಸೆ.

ತಂದೂರ್: ಪೈಪ್ ಗ್ಯಾಸ್, ಸಿಲಿಂಡರ್, ಕರೆಂಟ್

ದೋಸೆ ಕಾವಲಿಗೆ ಈ ಚಿಂತೆ ಇಲ್ಲ, ಅದು ಎಂದೋ ಗ್ಯಾಸಿಗೆ ಬಂದಾಗಿದೆ. ಆದರೆ ‘ಸೌತ್ ಇಂಡಿಯನ್, ಪಂಜಾಬಿ, ಚೈನೀಸ್’ ಅಂತ ಬೋರ್ಡ್ ಹಾಕಿದ ನಮ್ಮ ಹೋಟೆಲ್‌ಗಳಲ್ಲಿ ತಂದೂರ್ ಭಟ್ಟಿ ಇದ್ದೇ ಇರುತ್ತದೆ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ಮುಂಬೈಯ ಗಾಳಿ ಕೆಟ್ಟದ್ದನ್ನು ಕುರಿತ ಪ್ರಕರಣದಲ್ಲಿ, ಕಲ್ಲಿದ್ದಲು-ಕಟ್ಟಿಗೆ ಉರಿಸುವ ಬೇಕರಿ, ಹೋಟೆಲ್‌ಗಳು ಆರು ತಿಂಗಳೊಳಗೆ ಗ್ಯಾಸ್‌ನಂಥ ಶುದ್ಧ ಇಂಧನಕ್ಕೆ ಬದಲಾಗಬೇಕು ಅಂತ ಹೇಳಿತು. ಬಿಎಂಸಿ ನೋಟಿಸ್ ಕೊಟ್ಟು 2025ರ ಜುಲೈವರೆಗೆ ಗಡುವು ಹಾಕಿತು. ಭಟ್ಟಿಯ ಮುಂದೆ ದಿನವಿಡೀ ನಿಲ್ಲುವ ತಂದೂರ್ ಮಾಸ್ಟರ್‌ನ ಎದೆಗೆ ಆ ಹೊಗೆ ಎಲ್ಲರಿಗಿಂತ ಮೊದಲು ಹೋಗುತ್ತದೆ. ಹಾಗಾಗಿ ನಾನು ಈ ಬದಲಾವಣೆಯ ಪರ.

ನಿಮ್ಮ ಬೀದಿಯಲ್ಲಿ ಮಹಾನಗರ ಗ್ಯಾಸ್‌ನ ಪೈಪ್ ಇದೆಯಾ ನೋಡಿ. ಇದ್ದರೆ ಅದೇ ಮೊದಲ ಆಯ್ಕೆ. ಸಿಲಿಂಡರ್ ಇಡುವ ಜಾಗ ಉಳಿಯುತ್ತದೆ, ರೋಟಿ ಹೊತ್ತಿಗೆ ಗ್ಯಾಸ್ ಮುಗಿಯುವ ತಲೆನೋವಿಲ್ಲ. ಸುರಕ್ಷತೆಯಲ್ಲೂ ಒಂದು ಮುಖ್ಯ ವ್ಯತ್ಯಾಸ ಇದೆ. ಪೈಪಿನ ಗ್ಯಾಸ್ ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗುತ್ತದೆ, ಕಿಟಕಿಯಿಂದ ಹೊರಬೀಳುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ಮೋರಿ ಬಾಯಿಯಲ್ಲಿ ನಿಲ್ಲುತ್ತದೆ. ತಗ್ಗಿನ ಅಡುಗೆಮನೆ ಇರುವವರು ಇದನ್ನು ಮರೆಯಬಾರದು. ತೊಂದರೆ ಏನೆಂದರೆ ಹಳೆ ಕಟ್ಟಡದಲ್ಲಿ ಪೈಪ್ ಎಳೆಸಲು ಕಟ್ಟಡದ ಮಾಲೀಕನ, ಸೊಸೈಟಿಯ ಒಪ್ಪಿಗೆ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಹಾಗಾಗಿ ನೋಟಿಸ್ ಬರುವವರೆಗೆ ಕಾಯದೆ ಅರ್ಜಿ ಹಾಕಿ.

ಪೈಪ್ ಇಲ್ಲದಿದ್ದರೆ ಸಿಲಿಂಡರ್. 2016ರ ಗ್ಯಾಸ್ ಸಿಲಿಂಡರ್ ನಿಯಮದಲ್ಲಿ 100 ಕೆಜಿವರೆಗಿನ ಎಲ್‌ಪಿಜಿಗೆ ಬೇರೆ ದಾಸ್ತಾನು ಲೈಸೆನ್ಸ್ ಬೇಡ. 19 ಕೆಜಿಯ ಐದು ಸಿಲಿಂಡರ್ ಅಂದರೆ 95 ಕೆಜಿ. ಆರನೆಯದು ಬಂದರೆ ಗೆರೆ ದಾಟಿದಿರಿ. ತಂದೂರನ್ನೂ ಗ್ಯಾಸಿಗೆ ಹಾಕಿದ ಮೇಲೆ ಎಷ್ಟು ಸಿಲಿಂಡರ್ ಬೇಕಾಗುತ್ತದೆ ಅಂತ ಮುಂಚೆಯೇ ಲೆಕ್ಕ ಹಾಕಿ. ಫೈರ್ ಬ್ರಿಗೇಡಿನ ಷರತ್ತನ್ನು ಬೇರೆಯಾಗಿ ನೋಡಿ.

ದರ ಹೋಲಿಸುವಾಗ ಜನ ಸಿಲಿಂಡರಿನ ಕೆಜಿಯನ್ನು ಪೈಪ್ ಗ್ಯಾಸಿನ ಯೂನಿಟ್ ಜೊತೆ ಹಾಗೇ ಹೋಲಿಸಿಬಿಡುತ್ತಾರೆ. ಒಂದು ಕೆಜಿ ಎಲ್‌ಪಿಜಿಯ ಶಾಖಕ್ಕೆ ಪೈಪ್ ಗ್ಯಾಸ್ ಸುಮಾರು 1.3 ಘನ ಮೀಟರ್ ಬೇಕು. ಅಂದರೆ ಒಂದು ಕಮರ್ಷಿಯಲ್ ಸಿಲಿಂಡರಿಗೆ ಹೆಚ್ಚುಕಮ್ಮಿ 25 ಘನ ಮೀಟರ್. ಇವತ್ತಿನ ದರವನ್ನು ಇದರಿಂದ ಗುಣಿಸಿ ನೋಡಿದರೆ ನಿಜ ಕಾಣುತ್ತದೆ. ಸಿಲಿಂಡರಿನಿಂದ ಪೈಪಿಗೆ ಬದಲಾಗುವವರು ಬರ್ನರಿನ ಜೆಟ್ ಕೂಡ ಬದಲಾಯಿಸಬೇಕು. ಎಲ್‌ಪಿಜಿ ಜೆಟ್ಟಿನ ತೂತು ಸಣ್ಣದು, ಅದರಲ್ಲೇ ಪೈಪ್ ಗ್ಯಾಸ್ ಬಿಟ್ಟರೆ ಉರಿ ಸೊರಗುತ್ತದೆ. ‘ಪೈಪಿನ ಗ್ಯಾಸ್‌ಗೆ ಶಕ್ತಿ ಇಲ್ಲ’ ಅಂತ ಭಟ್ಟರು ಗೊಣಗಿದರೆ ಮೊದಲು ಜೆಟ್ ನೋಡಿ.

ಕರೆಂಟಿನ ತಂದೂರ್ ದಿನಕ್ಕೆ ಸ್ವಲ್ಪವೇ ರೋಟಿ ಹೋಗುವವರಿಗೆ ಸಾಕು. ಮಧ್ಯಾಹ್ನದ ಗದ್ದಲದಲ್ಲಿ ಸಾಲಾಗಿ ರೋಟಿ ಬೇಕಾದವರಿಗೆ ಕಷ್ಟ. ತ್ರೀ ಫೇಸ್ ಲೋಡ್ ಮಂಜೂರಾಗಿದೆಯಾ ಅಂತ ನೋಡದೆ ಕೊಳ್ಳಬೇಡಿ. ರುಚಿಯ ಬಗ್ಗೆ ಹೇಳಬೇಕೆಂದರೆ, ಗ್ಯಾಸ್ ತಂದೂರಿನಲ್ಲೂ ಮಣ್ಣಿನ ಗೋಡೆ ಹಾಗೇ ಇರುತ್ತದೆ, ರೋಟಿ ಅದಕ್ಕೇ ಅಂಟಿ ಬೇಯುತ್ತದೆ. ಮೊದಲ ಕೆಲವು ದಿನ ಮಾಸ್ಟರ್‌ಗೆ ಕೈ ಕೂರಬೇಕು, ಅಷ್ಟೆ.

ಯಾವುದೇ ಇಂಧನ ಇರಲಿ, ಎಕ್ಸಾಸ್ಟ್ ಫ್ಯಾನಿನ ಸದ್ದನ್ನು ಮರೆಯಬೇಡಿ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ ಮಿತಿ 45 ಡೆಸಿಬಲ್, ವ್ಯಾಪಾರದ ಪ್ರದೇಶದಲ್ಲಿ 55. ಮೇಲಿನ ಮನೆಯವರ ದೂರಿನಿಂದ ಶುರುವಾದ ತಪಾಸಣೆ ಕಸ, ಮೋರಿ, ಪ್ಲಾಸ್ಟಿಕ್ ಎಲ್ಲದಕ್ಕೂ ಹಬ್ಬುತ್ತದೆ.

ಸಾಂಬಾರ್ ಪಾರ್ಸೆಲ್

ಇಲ್ಲಿ ಗೊಂದಲಕ್ಕೆ ಕಾರಣ ಎರಡು ಪಟ್ಟಿ. ಕೇಂದ್ರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದೆ: ತಟ್ಟೆ, ಲೋಟ, ಚಮಚ, ಸ್ಟ್ರಾ ಇಂಥವು. ಮಹಾರಾಷ್ಟ್ರದ ನಿಷೇಧ ಅದಕ್ಕಿಂತ ಹಳೆಯದು, 2018ರ ಮಾರ್ಚ್ 23ರದ್ದು. ಅದರ ಪಟ್ಟಿ ಉದ್ದವೂ ಹೌದು. ಪ್ಲಾಸ್ಟಿಕ್ ಕೈಚೀಲ, ದ್ರವ ಕಟ್ಟಿಕೊಡುವ ಪೌಚ್ ಎಲ್ಲ ಅದರಲ್ಲಿವೆ. ಹೀಗಾಗಿ ‘ಕೇಂದ್ರದಲ್ಲಿ ಇದು ನಡೆಯುತ್ತದೆ’ ಅಂತ ವ್ಯಾಪಾರಿ ಹೇಳಿದರೆ ಮುಂಬೈಯಲ್ಲಿ ಅದು ಸಾಲದು. ದಂಡ ಮೊದಲ ಸಲ 5,000, ಎರಡನೇ ಸಲ 10,000, ಮೂರನೇ ಸಲ 25,000 ರೂಪಾಯಿ ಮತ್ತು ಜೈಲು.

ಇಡ್ಲಿ, ವಡೆ, ದೋಸೆಗೆ ನಮ್ಮ ಹಳೆ ಪದ್ಧತಿಯೇ ಸಾಕು, ಬಾಳೆ ಎಲೆ ಮತ್ತು ಮೇಲೆ ಕಾಗದ. ಕಾಗದ ಮಾತ್ರ ಖಾಲಿ ಕ್ರಾಫ್ಟ್ ಪೇಪರ್ ಆಗಿರಲಿ. ಆಹಾರಕ್ಕೆ ನ್ಯೂಸ್‌ಪೇಪರ್ ಸುತ್ತುವುದು ಈಗ ನಿಯಮಕ್ಕೆ ವಿರುದ್ಧ, ಶಾಯಿ ತಿಂಡಿಗೆ ಅಂಟುತ್ತದೆ. ಕೈಚೀಲಕ್ಕೆ ಬಟ್ಟೆ ಅಥವಾ ಕಾಗದ.

ನಿಜವಾದ ಪರೀಕ್ಷೆ ಸಾಂಬಾರಿನದು. ಕಬ್ಬಿನ ಸಿಪ್ಪೆಯ ಡಬ್ಬಿ ಅರ್ಧ ಗಂಟೆಯ ದಾರಿಗೆ ತಡೆಯುತ್ತದೆ, ಆದರೆ ಮುಚ್ಚಳ ಸಡಿಲ, ಸ್ಕೂಟರ್‌ನಲ್ಲಿ ಕುಲುಕಿದರೆ ಚೆಲ್ಲುತ್ತದೆ. ಅಲ್ಯೂಮಿನಿಯಂ ಫಾಯಿಲ್ ಡಬ್ಬಿ ಬಿಸಿಗೆ ಗಟ್ಟಿ, ಹುಣಸೆ ಹುಳಿ ಇರುವ ಸಾಂಬಾರನ್ನು ಮಾತ್ರ ಅದರಲ್ಲಿ ಗಂಟೆಗಟ್ಟಲೆ ಇಡಬಾರದು. ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಗೊಬ್ಬರವಾಗುವ ಪ್ಲಾಸ್ಟಿಕ್ ಅಂತ ಬರುತ್ತದಲ್ಲ, ಅದರಲ್ಲಿ ಪಿಎಲ್‌ಎ ಅನ್ನುವ ಸಾದಾ ಬಗೆ 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ಕುದಿಯುವ ಸಾಂಬಾರ್ ಹಾಕಿದರೆ ಡಬ್ಬಿ ಸೊಟ್ಟ. ಕೊಳ್ಳುವುದಿದ್ದರೆ ‘ಕಂಪೋಸ್ಟಬಲ್’ ಗುರುತು, ತಯಾರಕರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ (ಸಿಪಿಸಿಬಿ) ಕೊಟ್ಟ ಸರ್ಟಿಫಿಕೇಟ್ ನಂಬರ್ ಎರಡನ್ನೂ ನೋಡಿ. ಸರ್ಟಿಫಿಕೇಟಿನ ಪ್ರತಿ ಕೊಡದ ವ್ಯಾಪಾರಿಯಿಂದ ಕೊಳ್ಳಬೇಡಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ಟೀಲ್ ಡಬ್ಬಿ. ಇಡೀ ಊರಿಗೇ ಸ್ಟೀಲ್ ಡಬ್ಬಿಯಲ್ಲಿ ಊಟ ಹಂಚುವ ಡಬ್ಬಾವಾಲರ ನಗರ ಇದು. ಆಸುಪಾಸಿನ ಖಾಯಂ ಗಿರಾಕಿಗಳಿಗೆ ಠೇವಣಿ ಇಟ್ಟುಕೊಂಡು ಡಬ್ಬಿ ಕೊಡಿ, ಮನೆಯಿಂದ ಪಾತ್ರೆ ತಂದವರಿಗೆ ಎರಡು ರೂಪಾಯಿ ಕಮ್ಮಿ ಮಾಡಿ. ಆ್ಯಪ್‌ನಲ್ಲಿ ಬರುವ ಆರ್ಡರಿಗೆ ಇದು ನಡೆಯುವುದಿಲ್ಲ, ಅದಕ್ಕೆ ಫಾಯಿಲ್.

ಕಾಗದ ಪತ್ರ: ನೀವೇ, ಕನ್ಸಲ್ಟೆಂಟ್, ಸಂಘ

ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮುಖ್ಯ ಕಚೇರಿ ನಮ್ಮ ಸಾಯನ್ ಸರ್ಕಲ್ ಹತ್ತಿರವೇ ಇದೆ, ಆದರೆ ಅರ್ಜಿ ಎಲ್ಲ ಆನ್‌ಲೈನ್. ನೀರಿನ ಕಾಯ್ದೆ 1974, ಗಾಳಿಯ ಕಾಯ್ದೆ 1981, ಇವುಗಳ ಕೆಳಗೆ ಮಂಡಳಿ ಕೊಡುವ ಒಪ್ಪಿಗೆಗೆ ಎಲ್ಲರೂ ಕನ್ಸೆಂಟ್ ಅನ್ನುತ್ತಾರೆ. ಉದ್ಯಮಗಳನ್ನು ಮಾಲಿನ್ಯ ಜಾಸ್ತಿಯಿಂದ ಕಮ್ಮಿಗೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ವಿಂಗಡಿಸಿದ್ದಾರೆ. ಕೆಂಪಿಗೆ 5 ವರ್ಷ, ಕಿತ್ತಳೆಗೆ 10, ಹಸಿರಿಗೆ 15 ವರ್ಷದವರೆಗೆ ಕನ್ಸೆಂಟ್ ಕೊಡುತ್ತಿದ್ದರು. ಬಿಳಿಯವರು ತಿಳಿಸಿದರೆ ಸಾಕು. ಕೋಣೆಗಳಿವೆಯಾ, ಬಾಯ್ಲರ್ ಇದೆಯಾ, ಎಷ್ಟು ನೀರು ಹೊರಬಿಡುತ್ತೀರಿ ಅನ್ನುವುದರ ಮೇಲೆ ನಿಮ್ಮ ಬಣ್ಣ ನಿಂತಿದೆ. ಶುಲ್ಕ ನಿಮ್ಮ ಬಂಡವಾಳದ ಮೇಲೆ, ಅದಕ್ಕೆ ಸಿಎ ಸರ್ಟಿಫಿಕೇಟ್ ಕೇಳುತ್ತಾರೆ.

ಇಂಗ್ಲಿಷ್ ಫಾರಂ ತುಂಬಬಲ್ಲ ಮಗನೋ ಮಗಳೋ ಇದ್ದರೆ ನವೀಕರಣವನ್ನು ಮನೆಯಲ್ಲೇ ಮಾಡಿ. ಮೊದಲ ಸಲದ ಅರ್ಜಿಗೆ, ಮತ್ತು ನೋಟಿಸಿಗೆ ಉತ್ತರ ಕೊಡಲು ಕನ್ಸಲ್ಟೆಂಟ್ ಹಿಡಿಯುವುದು ಒಳ್ಳೆಯದು. ಹೋಟೆಲ್ ಮಾಲೀಕರ ಸಂಘವಾದ ಆಹಾರ್‌ನ ಸದಸ್ಯತ್ವ ಇದ್ದರೆ ಹೊಸ ಸುತ್ತೋಲೆಗಳು ನಿಮಗೆ ಬೇಗ ತಲುಪುತ್ತವೆ. ಅಲ್ಲಿ ನಮ್ಮವರೇ ಬಹಳ ಜನ ಇದ್ದಾರೆ, ಕನ್ನಡದಲ್ಲೇ, ತುಳುವಿನಲ್ಲೇ ಕೇಳಿ ತಿಳಿಯಬಹುದು. ಆದರೆ ನಿಮ್ಮ ಅರ್ಜಿಯನ್ನು ಸಂಘ ತುಂಬುವುದಿಲ್ಲ.

ಕನ್ಸಲ್ಟೆಂಟ್ ಹಿಡಿದವರು ಒಂದು ವಿಷಯದಲ್ಲಿ ಸಡಿಲ ಬಿಡಬೇಡಿ. ಪೋರ್ಟಲಿನ ಲಾಗಿನ್ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಮೊಬೈಲ್ ನಂಬರಿನಲ್ಲಿ ಇರಬೇಕು. ಅವರ ನಂಬರ್ ಹಾಕಿಕೊಂಡರೆ ಓಟಿಪಿ ಅವರಿಗೆ, ನೋಟಿಸ್ ಅವರಿಗೆ, ನವೀಕರಣದ ನೆನಪೂ ಅವರಿಗೆ ಹೋಗುತ್ತದೆ. ನಾಳೆ ಬೇರೆಯವರನ್ನು ಹಿಡಿಯಬೇಕಾದರೆ ನಿಮ್ಮದೇ ಕಡತ ನಿಮಗೆ ಸಿಗುವುದಿಲ್ಲ. ಕನ್ಸೆಂಟ್ ಪಡೆದವರು ವರ್ಷಕ್ಕೊಮ್ಮೆ ಸೆಪ್ಟೆಂಬರ್ 30ರ ಒಳಗೆ ಪರಿಸರ ಹೇಳಿಕೆ, ಅಂದರೆ ಫಾರಂ 5, ಸಲ್ಲಿಸಬೇಕು. ಅದು ಒಪ್ಪಂದದಲ್ಲಿ ಸೇರಿದೆಯಾ, ಬೇರೆ ಹಣವಾ ಅಂತ ಮೊದಲೇ ಕೇಳಿ. ಕೆಲಸ ಮುಗಿದ ದಿನ ಲಾಗಿನ್, ಪಾಸ್‌ವರ್ಡ್, ಸಲ್ಲಿಸಿದ ಪ್ರತಿಯೊಂದು ಕಾಗದದ ಪಿಡಿಎಫ್ ನಿಮ್ಮ ಕೈಗೆ ಬರಬೇಕು. ಅದು ಬರುವವರೆಗೆ ಕೊನೆಯ ಕಂತು ಕೊಡಬೇಡಿ.